ಶಮೀಮ್ ಬಾನು ಹೊಲಿದ ಹಳದಿ ಚೀಲ

ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಮೀಮ್ ಬಾನುವಿನ ಟೈಲರ್ ಅಂಗಡಿಯಿದೆ. ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿಯುವ ಅಂಗಡಿ ಎಂದೇ ಊರಿಗೆ ಗೊತ್ತು. ಸುತ್ತಲಿನ ಜಾದೂಗಾರರ ಕೋಟು, ಚೀಲಗಳೂ ಅಲ್ಲೇ ತಯಾರಾಗುತ್ತವೆ ಎಂಬುದು ಆ ಜಾದೂಗಾರರಿಗೆ ಮಾತ್ರ ಗೊತ್ತಿತ್ತು.

ಇದನ್ನು ಶುರುಮಾಡಿದವನು ನಾಗರಾಜು. ಮಂಡ್ಯದ ಹತ್ತಿರದ ವಿ.ಸಿ. ಫಾರಂನಲ್ಲಿ ಕೆಲಸ, ರಜೆಯ ದಿನ ಶಾಲೆಗಳಲ್ಲಿ ಜಾದೂ. ಒಮ್ಮೆ ಅವನು ಕೋಟು ತಂದು, ತೋಳಿನ ಒಳಗೆ ಹೊರಗಿನವರಿಗೆ ಕಾಣದಂಥ ಜೇಬು ಬೇಕೆಂದ. ಶಮೀಮಳ ಗಂಡ ಹಮೀದ್, "ತೋಳಲ್ಲಿ ಜೇಬಾ? ನನ್ನ ಕೈಲಾಗಲ್ಲ ಸಾಮಿ" ಎಂದು ತಲೆಯಾಡಿಸಿಬಿಟ್ಟ. ಶಮೀಮ್ ಕೋಟನ್ನು ತನ್ನ ಕಡೆ ಎಳೆದುಕೊಂಡಳು. ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಸರಿ ಮಾಡಿದಳು. ನಾಗರಾಜು ಕನ್ನಡಿಯ ಮುಂದೆ ಕೈ ಆಡಿಸಿ ನೋಡಿ ಮಗುವಿನ ಹಾಗೆ ನಕ್ಕ.

"ಶಮೀಮಮ್ಮ, ಇನ್ಮೇಲೆ ನಾವು ಏನು ಹೊಲಿಸಿದ್ರೂ ನಿಮ್ಮ ಮನೆಯವರಿಗೂ ಹೇಳ್ಬಾರದು."

ಅವಳು ಮಾತು ಕೊಟ್ಟಳು. ಎಷ್ಟು ಬಿಗಿಯಾಗಿ ಉಳಿಸಿಕೊಂಡಳೆಂದರೆ, ಮುಂದೊಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಖಾಲಿ ಚೀಲದಿಂದ ಬಣ್ಣದ ಕರವಸ್ತ್ರಗಳು ಹೊರಬಂದಾಗ ಹಮೀದ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಆ ಚೀಲ ಹೊಲಿದವಳು ಪಕ್ಕದಲ್ಲೇ ಕೂತು ಅವನಿಗಿಂತ ಜೋರಾಗಿ ತಟ್ಟಿದಳು. ರವಿಕೆ ಹೊಟ್ಟೆಪಾಡಿನ ಕೆಲಸ. ಇದು ಅವಳ ಖುಷಿಯ ಕೆಲಸವಾಗಿತ್ತು.

ಹೋದ ವರ್ಷ ನಾಗರಾಜುವಿನ ಹೆಸರು ಹೇಳಿಕೊಂಡು ಮಳವಳ್ಳಿಯಿಂದ ಸಿದ್ದರಾಜು ಬಂದ. ಹುಟ್ಟುಹಬ್ಬಗಳಲ್ಲಿ ಜಾದೂ ಮಾಡುತ್ತಿದ್ದವನು. ಅವನಿಗೂ ಅಂಥದ್ದೇ ಚೀಲ ಬೇಕಿತ್ತು. ಹಿಡಿಯಿರುವ ಬಳೆಯೊಂದಕ್ಕೆ ಹೊಲಿದ ಚೀಲ, ಅದರ ನಡುವೆ ಒಂದು ಬಟ್ಟೆಯ ಪರದೆ. ಹಿಡಿ ತಿರುಗಿಸಿದರೆ ಪರದೆ ಮಗ್ಗುಲು ಬದಲಿಸುತ್ತದೆ. ಹಾಕಿದ್ದು ಮರೆಯಾಗಿ, ಮೊದಲೇ ಅಡಗಿಸಿಟ್ಟದ್ದು ಕೈಗೆ ಬರುತ್ತದೆ. ಉಳಿದವರೆಲ್ಲ ಕಪ್ಪು ಮಖಮಲ್ಲು ಕೇಳಿದರೆ, ಇವನು ಅರಿಶಿನ ಬಣ್ಣದ ಬಟ್ಟೆ, ಕೆಂಪು ಅಂಚು ಕೇಳಿದ. ಮಕ್ಕಳ ಕಣ್ಣಿಗೆ ಚೆನ್ನಾಗಿ ಕಾಣಲೆಂದಿರಬೇಕು ಎಂದುಕೊಂಡು ಶಮೀಮ್ ಹೊಲಿದುಕೊಟ್ಟಳು.

ಈ ಬೇಸಿಗೆಯಲ್ಲಿ ಒಂದು ದಿನ, ಪಕ್ಕದ ಹಳ್ಳಿಯ ಚಿಕ್ಕಬೋರಮ್ಮ ಮೊಮ್ಮಗಳು ದೀಪಿಕಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಹಳೆಯ ಗಿರಾಕಿ. ಹುಡುಗಿಗೆ ಹೊಸ ಲಂಗ ಆಗಬೇಕಿತ್ತು.

"ಅಮಾಸೆಗೆ ಮಳವಳ್ಳಿಗೆ ಓಯ್ತೀವಿ ಕಣಮ್ಮ. ಅಲ್ಲೊಬ್ರು ಅಯ್ಯನೋರು ಅವ್ರೆ. ಇವ್ಳಿಗೆ ಪಿಟ್ಸು ಬತ್ತಿತ್ತಲ್ಲ, ಆ ಮಾತ್ರೆಯ ಒಂದು ಚೀಲಕ್ಕೆ ಆಕುಸುದ್ರು. ನನ್ ಕಣ್ಮುಂದೇಯ ತುಳಸಿ ಆಗೋಯ್ತು! ಇನ್ ಮಾತ್ರೆ ಬ್ಯಾಡ ಅಂತ ಅಮ್ಮನೋರ ಅಪ್ಪಣೆ. ನಿಲ್ಸಿಬುಟ್ಟಿವ್ನಿ."

"ಎಂಥಾ ಚೀಲ ಅಕ್ಕ?"

"ಅರಿಸಿನದ ಬಣ್ಣುದ್ದು. ಕೆಂಪು ಅಂಚು."

ಶಮೀಮಳ ಕೈಯಲ್ಲಿದ್ದ ಟೇಪು ದೀಪಿಕಳ ಸೊಂಟದ ಹತ್ತಿರವೇ ನಿಂತಿತು.

"ಆ ಮಾತ್ರೆ ತಟಕ್ಕನೆ ನಿಲ್ಲಿಸಬಾರದಂತೆ ಅಕ್ಕ. ಡಾಕ್ಟ್ರನ್ನ ಒಂದು ಮಾತು ಕೇಳಿ."

"ನಮ್ಮಮ್ಮನ ಮಯ್ಮೆ ನಿಮ್ಮೋರ್ಗೆ ಎಲ್ ಗೊತ್ತಾದದು ಬುಡು. ನೀ ಲಂಗ ಒಲಿ. ನಾಳೀಕ್ ಬತ್ತೀನಿ."

ಅವರು ಹೋದ ಮೇಲೆ ಶಮೀಮ್ ನಾಗರಾಜುವಿಗೆ ಫೋನ್ ಮಾಡಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು ನಿಟ್ಟುಸಿರುಬಿಟ್ಟ.

"ಸಿದ್ದರಾಜು ಅಯ್ಯ ಆಗಿ ಕೂತಿರೋ ವಿಷಯ ಗೊತ್ತು ಶಮೀಮಮ್ಮ. ನಮ್ಮ ಜಾದೂಗಾರರ ಸಂಘದಲ್ಲಿ ಅದೇ ಜಗಳ. ಅವನನ್ನ ಹೊರಗೆ ಹಾಕಿ ಅಂತ ಕೆಲವರು. ರಾದ್ಧಾಂತ ಮಾಡಿ ಚೀಲದ ಗುಟ್ಟು ಬೀದಿಗೆ ಬಂದ್ರೆ ನಮ್ಮ ಆಟ ಯಾರು ನೋಡ್ತಾರೆ ಅಂತ ಮಿಕ್ಕೋರು. ನಾನು ಆಟಕ್ಕೆ ಮುಂಚೆ ಇದು ಕೈಚಳಕ ಅಂತೀನಿ, ಅವನು ಅನ್ನಲ್ಲ. ಅಷ್ಟೇ ವ್ಯತ್ಯಾಸ."

"ಅಷ್ಟೇನಾ ಅಣ್ಣ?"

"ಮುಂದಿನ ಸಭೆ ತನಕ ತಡೀರಿ" ಎಂದ.

"ಅಲ್ಲೀವರ್ಗೂ ಆ ಮಗೂಗೆ ಫಿಟ್ಸ್ ತಡೀತದಾ?"

"ನೋಡಿ, ನೀವು ಬಾಯಿಬಿಟ್ರೆ ನಮ್ಮೋರು ಯಾರೂ ನಿಮ್ಮಂಗ್ಡಿ ಮೆಟ್ಲು ಹತ್ತಲ್ಲ. ನಾನೂ ಹತ್ತಕ್ಕಾಗಲ್ಲ." ಅದು ಬೆದರಿಕೆಯಾಗಿರಲಿಲ್ಲ. ಅವನ ದನಿಯಲ್ಲಿ ಬರೀ ಬೇಸರವಿತ್ತು.

ಶಮೀಮ್ ಲಂಗದ ಬಟ್ಟೆಗೆ ಕತ್ತರಿ ಹಾಕಲಿಲ್ಲ. ತಾನು ಮಾತು ಕೊಟ್ಟದ್ದು ಆಟ ನೋಡಲು ಬಂದವರ ಖುಷಿ ಕೆಡಬಾರದೆಂದು. ಬೆರಗಾಗಲೆಂದೇ ಅವರು ಬಂದಿರುತ್ತಾರೆ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಚಿಕ್ಕಬೋರಮ್ಮ ಆಟ ನೋಡಲು ಹೋದವಳಲ್ಲ. ಆದರೂ ಮಾತು ಮಾತೇ. ಬೆಳಗಾಗುವವರೆಗೂ ಅವಳ ಮನಸ್ಸು ಅತ್ತಿತ್ತ ತೂಗಾಡುತ್ತಲೇ ಇತ್ತು.

ಮರುದಿನ ಅಜ್ಜಿ, ಮೊಮ್ಮಗಳು ಬಂದರು. ದೀಪಿಕ ನಿದ್ದೆಗೆಟ್ಟವಳ ಹಾಗೆ ಮಂಕಾಗಿ ಬೆಂಚಿನ ಮೇಲೆ ಕೂತಳು. ಅವಳನ್ನು ಕಂಡದ್ದೇ ಶಮೀಮ್ ಒಳಗೆ ಹೋಗಿ, ಅಳತೆಗೆಂದು ಇಟ್ಟುಕೊಂಡಿದ್ದ ಕಪ್ಪು ಚೀಲ ತಂದಳು.

"ಅಕ್ಕ, ದೇವ್ರ ಮಾತು ಬ್ಯಾಡ. ಚೀಲದ ಮಾತು ಆಡಾಣ. ಇದ್ರೊಳಗೆ ಈ ಗುಂಡಿ ಹಾಕಿ."

ಚಿಕ್ಕಬೋರಮ್ಮ ಗುಂಡಿ ಹಾಕಿದಳು. ಶಮೀಮ್ ಹಿಡಿ ತಿರುಗಿಸಿ, "ಈಗ ತೆಗೀರಿ" ಎಂದಳು. ಕೈಗೆ ಬಂದದ್ದು ಬಟ್ಟೆಯ ಚೂರುಗಳು.

ಇಸ್ತ್ರಿ ಮಾಡುತ್ತಿದ್ದ ಹಮೀದ್ ಬಾಯಿ ತೆರೆದು ನಿಂತುಬಿಟ್ಟ. "ಲೇ, ಇಷ್ಟು ವರ್ಷ ನಂಗೂ ಹೇಳಿಲ್ವಲ್ಲೇ!"

"ನೀವು ಸುಮ್ನೆ ಇಸ್ತ್ರಿ ಮಾಡಿ. ಷರಟು ಸುಟ್ಟೀತು."

ಶಮೀಮ್ ಚೀಲವನ್ನು ಒಳಹೊರಗು ಮಾಡಿ ಪರದೆ ತೋರಿಸಿದಳು. ದೀಪಿಕ ಕಿತ್ತುಕೊಂಡು ತಾನೇ ತಿರುಗಿಸಿ, ಗುಂಡಿ ಮಾಯ ಮಾಡಿ ನಕ್ಕಳು. ಅಜ್ಜಿ ನಗಲಿಲ್ಲ. ಪರದೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಅಂಗಾರೆ ಅವತ್ತು ಮಾತ್ರೆ ಎಲ್ಲೋಗಿದ್ವು?"

"ಎಲ್ಲೂ ಹೋಗಿರ್ಲಿಲ್ಲ ಅಕ್ಕ. ಆಚೆ ಮಗ್ಗುಲಲ್ಲೇ ಇದ್ವು."

"ಅಯ್ಯನ ಚೀಲ ಒಲ್ದೋಳೂ ನೀನೇಯಾ?"

"ನಾನೇ."

"ಅಂಗಾರೆ ನೀನೂ ಅವನ ಜೊತ್ಗಾತೀನೇ ಕಣಮ್ಮ!" ಚಿಕ್ಕಬೋರಮ್ಮ ಎದ್ದಳು. "ಕೊಡಿಲ್ಲಿ ಬಟ್ಟೆಯ. ನಿನ್ ಕೈಲಿ ಒಲಿಸ್ದಂಗೇ ಆಯ್ತು."

ಬಟ್ಟೆ ಕಸಿದುಕೊಂಡು, ಮೊಮ್ಮಗಳ ಕೈ ಹಿಡಿದು ದುಡುದುಡು ಇಳಿದು ಹೋದಳು. ಶಮೀಮ್ ಬಾಗಿಲಿಗೆ ಬಂದು ನೋಡಿದಳು. ಅವರು ಬಸ್ಸಿನ ಕಡೆ ತಿರುಗಲಿಲ್ಲ, ಸರ್ಕಾರಿ ಆಸ್ಪತ್ರೆಯ ರಸ್ತೆ ಹಿಡಿದಿದ್ದರು.

ಸುದ್ದಿ ಮಂಡ್ಯದ ಸಂಘಕ್ಕೆ ಮುಟ್ಟಲು ಬಹಳ ದಿನ ಬೇಕಾಗಲಿಲ್ಲ. ನಾಗರಾಜುವೇ ಫೋನ್ ಮಾಡಿದ.

"ಸಭೆ ಆಯ್ತು ಶಮೀಮಮ್ಮ. ನಿಮ್ಮಲ್ಲಿ ಇನ್ಮೇಲೆ ಯಾರೂ ಹೊಲಿಸಬಾರದು ಅಂತ ತೀರ್ಮಾನ ಆಯ್ತು. ನಾನು ಬೇಡ ಅಂದೆ, ನಡೀಲಿಲ್ಲ."

"ಸಿದ್ದರಾಜು ವಿಷಯ?"

"ಅದು ಮುಂದಿನ ಸಭೆಗೆ."

ಶಮೀಮಳಿಗೆ ನಗು ಬಂತು. ತಡೆದುಕೊಂಡಳು. "ಆ ಮಗು ಹೇಗಿದೆ ಅಂತ ಯಾರಾದ್ರೂ ಕೇಳಿದ್ರಾ ಅಣ್ಣ?"

ನಾಗರಾಜು ಮೆತ್ತಗೆ, "ಹೇಗಿದಾಳೆ?" ಎಂದ.

ಆ ಬೆಳಿಗ್ಗೆಯಷ್ಟೇ ಚಿಕ್ಕಬೋರಮ್ಮ ಅಂಗಡಿಯ ಮುಂದೆ ಹಾದುಹೋಗಿದ್ದಳು. ಮೆಟ್ಟಿಲು ಹತ್ತಲಿಲ್ಲ, ಮುಖವನ್ನೂ ಇತ್ತ ತಿರುಗಿಸಲಿಲ್ಲ. ಸ್ವಲ್ಪ ಮುಂದೆ ಹೋಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ್ದಳು: "ಮಾತ್ರೆ ನುಂಗ್ತಾವ್ಳೆ ಕಣಮ್ಮೋ!"

"ಚೆನ್ನಾಗವ್ಳೆ ಅಣ್ಣ" ಎಂದು ಹೇಳಿ ಶಮೀಮ್ ಫೋನ್ ಇಟ್ಟಳು. ಮಿಷನ್ನಿನ ಮೇಲೆ ಯಾವುದೋ ಶಾಲೆಯ ನೀಲಿ ಯೂನಿಫಾರಂ ಅರ್ಧಕ್ಕೆ ನಿಂತಿತ್ತು.