ಬಾಗಿಲು ಹಾಕಿದ್ದೇವೆ, ಬರಬೇಡಿ

ಈ ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಒಂದು ಟ್ರಾಕ್ಟರು ಚಿರತೆ ಹಿಡಿಯುವ ಬೋನನ್ನು ಹೇರಿಕೊಂಡು ಹೋಯಿತು. ನಮ್ಮ ಪಾಂಡವಪುರದ ಕಡೆ ಇದು ಹೊಸ ನೋಟವೇನಲ್ಲ. ಕಬ್ಬು ಆಳೆತ್ತರ ಬೆಳೆದ ಮೇಲೆ ಯಾವುದಾದರೂ ಊರಿನ ನಾಯಿಯೋ ಕುರಿಯೋ ಕಾಣೆಯಾಗುತ್ತದೆ, ಹಿಂದೆಯೇ ಬೋನು ಬರುತ್ತದೆ. ಆದರೆ ಆ ಕಬ್ಬಿಣದ ಸದ್ದಿಗೆ ನನ್ನ ಅಂಗೈ ಬೆವೆತಿತು. ನಾನು ಶ್ರೀರಂಗಪಟ್ಟಣದ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವವಳು. ‘ಹೆದರಬೇಡಿ, ಇರುವೆ ಕಚ್ಚಿದಂಗೆ ಅಷ್ಟೇ’ ಎಂದು ದಿನವಿಡೀ ಬೇರೆಯವರಿಗೆ ಧೈರ್ಯ ಹೇಳುವುದೇ ನನ್ನ ಕಸುಬು. ನನ್ನ ಸ್ವಂತ ಧೈರ್ಯ ಎಷ್ಟರದ್ದು ಎಂಬುದನ್ನು ಹೇಳುತ್ತೇನೆ, ಕೇಳಿ.

ಮಗಳು ಚಿನ್ಮಯಿಗೆ ಮೂರು ತುಂಬಿದಾಗ ಅವಳನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಎದ್ದಿತು. ಗಂಡನಿಗೆ ಮೈಸೂರಿನ ಕಾರ್ಖಾನೆಯಲ್ಲಿ ಶಿಫ್ಟು. ಅತ್ತೆ ಶೀಳನೆರೆಯಲ್ಲಿ ದೊಡ್ಡ ಮಗನ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದರು. ನಮಗೆ ಗೊತ್ತಿದ್ದ ಕಾನ್ವೆಂಟಿನವರು ಮಧ್ಯಾಹ್ನಕ್ಕೇ ಮಕ್ಕಳನ್ನು ಬಿಟ್ಟುಬಿಡುತ್ತಿದ್ದರು. ಸಂಜೆಯವರೆಗೂ ನೋಡಿಕೊಳ್ಳುತ್ತಿದ್ದುದು ಒಂದೇ ಕಡೆ: ಊರಂಚಿನ ಶಾದಿಮಹಲಿನಲ್ಲಿ ಮುಸ್ಲಿಂ ಜಮಾತಿನ ಹೆಂಗಸರು ಸೇರಿ ನಡೆಸುತ್ತಿದ್ದ ಶಿಶುವಿಹಾರ. ‘ನಿಂಗೆ ಸರಿ ಅನ್ಸುದ್ರೆ ಸೇರ್ಸು’ ಎಂದರು ನನ್ನ ಗಂಡ. ಹೆಚ್ಚುಕಡಿಮೆಯಾದರೆ ಹೊಣೆ ನಿನ್ನದು ಎಂಬುದರ ಮರ್ಯಾದಸ್ಥ ರೂಪ ಅದು.

ಆ ಮಹಲಿನಲ್ಲಿ ಮದುವೆ ಇದ್ದ ದಿನ ಶಾಲೆಗೆ ರಜೆ. ಮಾರನೆಯ ದಿನ ಹೋದರೆ ಒಳಗೆಲ್ಲ ಇನ್ನೂ ಬಿರಿಯಾನಿಯ ಘಮ. ಮದುಮಕ್ಕಳು ಕೂತೆದ್ದ ಕೆಂಪು ಸೋಫಾದ ಮೇಲೆ ಮಕ್ಕಳು ಕುಣಿಯುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದವರು ನೂರ್ ಮಿಸ್. ತೆಳ್ಳನೆಯ ಹೆಂಗಸು, ದನಿಯೂ ತೆಳ್ಳಗೆ. ಅವರು ಯಾವತ್ತೂ ಗದರಿದ್ದನ್ನು ನಾನು ಕೇಳಿರಲಿಲ್ಲ.

ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಚಿನ್ಮಯಿ ಮುದ್ದೆ ಮುರಿಯುವ ಮುಂಚೆ ಕಣ್ಣು ಮುಚ್ಚಿ ‘ಬಿಸ್ಮಿಲ್ಲಾ’ ಎಂದಳು.

‘ಇದೇನವ್ವ, ಮಗಿ ಇಂಗಂತದೆ?’ ಎಂದರು ಅತ್ತೆ.

‘ಉಣ್ಣೋ ಮುಂಚೆ ದೇವರನ್ನ ನೆನೆಯೋದು ಅತ್ತೆ. ಜೊತೆ ಮಕ್ಕಳು ಅನ್ನೋದು ಕೇಳಿ ಕಲ್ತವ್ಳೆ.’

‘ಅದು ನಂಗೂ ಗೊತ್ತಾಯ್ತದೆ. ಊರೋರ ಮುಂದೆ ಅನ್ನಿಸ್ಬ್ಯಾಡ, ಅಷ್ಟೇಯ.’

ಅವರಿಗೆ ಸಿಟ್ಟು ಬಂದಿರಲಿಲ್ಲ. ಸಾರು ಬಡಿಸುತ್ತಲೇ ಎದ್ದುಹೋಗಿ ಬೀದಿಬಾಗಿಲನ್ನು ಮುಂದಕ್ಕೆ ತಳ್ಳಿ ಬಂದರು. ಅವರ ಭಯ ಅವತ್ತೇ ನನಗೂ ಅಂಟಿಕೊಂಡಿತು.

ಅದಾಗಿ ಸ್ವಲ್ಪ ದಿನಕ್ಕೆ ಪಕ್ಕದ ಊರೊಂದರಲ್ಲಿ ಮೆರವಣಿಗೆಯ ಹೊತ್ತಿಗೆ ಕಲ್ಲು ಬಿದ್ದವು, ಅಂಗಡಿಗಳ ಷಟರ್ ಇಳಿದವು. ನಮ್ಮಲ್ಲಿ ಏನೂ ಆಗಲಿಲ್ಲ. ಆದರೂ ಜನ ಟೀ ಅಂಗಡಿಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಮಗಳನ್ನು ಬಿಟ್ಟುಬರುವಾಗ ಎರಡು ಸಲ ಹಿಂತಿರುಗಿ ನೋಡುತ್ತಿದ್ದೆ.

ಆ ವಾರವೇ ಒಂದು ದಿನ, ಒಬ್ಬ ಅಜ್ಜನ ತೋಳಿಗೆ ಪಟ್ಟಿ ಬಿಗಿದಿದ್ದೆ, ಫೋನು ಸದ್ದು ಮಾಡಿತು. ಶಿಶುವಿಹಾರದ ಗ್ರೂಪಿನಲ್ಲಿ ನೂರ್ ಮಿಸ್ ಹಾಕಿದ್ದರು: ‘ಮಕ್ಕಳು ಒಳಗೆ ಸೇಫಾಗಿದ್ದಾರೆ. ಬಾಗಿಲು ಹಾಕಿದ್ದೇವೆ. ಯಾರೂ ಬರಬೇಡಿ.’

ಏಕೆ ಎಂದು ಬರೆದಿರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ‘ಏನವ್ವ, ಸೂಜಿ ಹಿಡ್ಕಂಡು ನೀನೇ ನಡುಗ್ತಿದ್ದೀಯಲ್ಲ’ ಎಂದ ಆ ಅಜ್ಜ. ಜೊತೆಯವಳ ಕೈಗೆ ಅವನನ್ನು ಒಪ್ಪಿಸಿ ಓಡಿದೆ.

ಬಸ್ಸು ಎಲ್ಲ ನಿಲ್ದಾಣದಲ್ಲೂ ನಿಂತಿತು. ಕಂಡಕ್ಟರು ನಗುನಗುತ್ತಾ ಚಿಲ್ಲರೆ ಕೇಳುತ್ತಿದ್ದ. ಇವನಿಗೆ ಇನ್ನೂ ಸುದ್ದಿ ತಲುಪಿಲ್ಲ ಎಂದುಕೊಂಡೆ. ಸುದ್ದಿ ಏನೆಂದು ನನಗೂ ತಿಳಿದಿರಲಿಲ್ಲ, ಆದರೆ ಮನಸ್ಸು ಆಗಲೇ ಎಲ್ಲವನ್ನೂ ನೋಡಿಯಾಗಿತ್ತು: ಒಡೆದ ಕಿಟಕಿ, ಹೊಗೆ, ಆ ಕೆಂಪು ಸೋಫಾ. ಗಂಡನಿಗೆ ಫೋನು ಹಚ್ಚಿದರೆ ಸ್ವಿಚ್ ಆಫ್. ಹೊಣೆ ನನ್ನದೇ ಆಯಿತು.

ಇಳಿದು ಓಡಿ ಬೀದಿ ತಿರುಗಿದಾಗ ಕಂಡದ್ದು ಗುಂಪು. ಕೈಯಲ್ಲಿ ದೊಣ್ಣೆ ಹಿಡಿದ ಗಂಡಸರು. ಒಂದು ಜಗುಲಿಯ ಮೇಲೆ ಕುಸಿದೆ. ಅಷ್ಟರಲ್ಲಿ ಯಾರೋ ತೋಳು ಹಿಡಿದರು. ಶಾಹೀನ. ಮನೆಯಲ್ಲೇ ಬ್ಲೌಸು ಹೊಲಿಯುವ ಹೆಂಗಸು, ಅವಳ ಮಗಳು ಆಲಿಯಾ ನಮ್ಮ ಚಿನ್ಮಯಿಯ ಜೊತೆಯವಳು. ಬುರ್ಖಾ ಹಾಕಿಕೊಂಡು ಚಪ್ಪಲಿ ಮರೆತು ಬಂದಿದ್ದಳು.

‘ಚಿರತೆ ಅಂತೆ ಅಕ್ಕ, ಇಂದ್ಗಡೆ ಕಬ್ಬಿನ ಗದ್ದೆಲಿ. ಕಟಾವು ಮಾಡೋರು ನೋಡುದ್ರಂತೆ.’

‘ಚಿರತೆನಾ? ಅಷ್ಟೇನಾ?’ ಎಂದೆ.

ಬಾಯಿಂದ ಜಾರಿದ ಮೇಲೆ ನನಗೇ ಕೇಳಿಸಿತು ನಾನು ಅಂದದ್ದು. ಮಕ್ಕಳಿರುವ ಕಟ್ಟಡದ ಬೆನ್ನಿಗೆ ಚಿರತೆಯಿದೆ, ಮತ್ತು ನನ್ನ ಎದೆ ಹಗುರಾಗಿದೆ.

ಶಾಹೀನ ನನ್ನ ಮುಖ ನೋಡಿದಳು. ‘ನಾನೂ ಅಂಗೇ ಅಂದ್ಬುಟ್ಟೆ ಅಕ್ಕ’ ಎಂದಳು ಮೆಲ್ಲಗೆ. ‘ಬರೋವಾಗ ಅಲ್ಲಾನ ಕೇಳ್ಕಂಡು ಬಂದೆ, ಬೇರೆ ಏನಾದ್ರೂ ಆಗಿರ್ಲಿ, ಅದೊಂದು ಬ್ಯಾಡ ಅಂತ.’

ನಾನು ಯಾರ ಕಡೆಯವರಿಗೆ ಹೆದರಿದ್ದೆ, ಅವಳು ಯಾರ ಕಡೆಯವರಿಗೆ ಹೆದರಿದ್ದಳು ಎಂದು ಇಬ್ಬರೂ ಕೇಳಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು ಕೂತೆವು.

ಹಗುರಾದ ಎದೆ ಹೆಚ್ಚು ಹೊತ್ತು ಹಾಗೆ ಉಳಿಯಲಿಲ್ಲ. ಒಳಗಿನಿಂದ ಒಂದು ಸದ್ದೂ ಇಲ್ಲ. ಅಷ್ಟು ಮಕ್ಕಳಿರುವ ಜಾಗ ಅಷ್ಟು ಸುಮ್ಮನಿರುವುದುಂಟೇ? ಹಿಂದಿನ ಕಿಟಕಿಗೆ ಸರಳಿದೆಯೋ ಇಲ್ಲವೋ ನೆನಪಾಗಲಿಲ್ಲ. ಗದ್ದೆಯ ಕಡೆ ಪಟಾಕಿ ಸಿಡಿಸಿದರು, ಕಬ್ಬು ಅಲ್ಲಾಡಿತು, ಎಲ್ಲರೂ ಕೂಗಿದರು. ಕೊನೆಗೆ ಅರಣ್ಯ ಇಲಾಖೆಯವನೊಬ್ಬ ಬಂದು, ಪ್ರಾಣಿ ನಾಲೆ ದಾಟಿ ಹೋಗಿದೆ ಎಂದ.

ಬಾಗಿಲು ತೆರೆಯಿತು. ಚಿನ್ಮಯಿ ಓಡಿಬಂದು, ‘ಅಮ್ಮ, ಮಿಸ್ಸು ಮಾತಾಡ್ದೆ ಇರೋ ಆಟ ಆಡ್ಸುದ್ರು, ನಾನೇ ಗೆದ್ದಿದ್ದು’ ಎಂದಳು. ‘ಇಲ್ಲ, ನಾನು’ ಎಂದಳು ಆಲಿಯಾ. ನೂರ್ ಮಿಸ್ ಕೊನೆಯ ಮಗುವನ್ನು ಒಪ್ಪಿಸಿ ಮೆಟ್ಟಿಲ ಮೇಲೆ ಕೂತರು. ಶಾಹೀನ ನೀರಿನ ಬಾಟಲಿ ಕೊಟ್ಟಳು. ಅವರಿಗೆ ಮುಚ್ಚಳ ತಿರುಗಿಸಲು ಆಗಲಿಲ್ಲ.

ಸುದ್ದಿ ಕೇಳಿ ಮಾರನೆಯ ದಿನವೇ ಅತ್ತೆ ಬಸ್ಸು ಹತ್ತಿ ಬಂದರು. ಶಾಲೆ ಬಿಡಿಸಲು ಬಂದಿದ್ದಾರೆ ಎಂದುಕೊಂಡೆ. ಅವರು ನೆಟ್ಟಗೆ ಶಾದಿಮಹಲಿಗೆ ಹೋಗಿ ಬಾಗಿಲನ್ನು ಭುಜದಿಂದ ನೂಕಿದರು, ಚಿಲಕ ಎಳೆದು ನೋಡಿದರು, ಕಿಟಕಿಯ ಸರಳುಗಳನ್ನು ಅಲ್ಲಾಡಿಸಿದರು. ನೂರ್ ಮಿಸ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ನಿಂತಿದ್ದರು.

‘ಗಟ್ಟಿಯಾಗದೆ’ ಎಂದರು ಅತ್ತೆ. ‘ಇರ್ಲಿ ಬುಡು, ಇಲ್ಲೇ ಓದ್ಲಿ.’

ಚಿನ್ಮಯಿ ಈಗ ದೊಡ್ಡ ಶಾಲೆಯಲ್ಲಿ ಮೂರನೇ ತರಗತಿ. ಶಾಹೀನ, ಗಂಡನ ಲಾರಿ ಕೆಲಸಕ್ಕೆಂದು ನಾಗಮಂಗಲ ಸೇರಿದ್ದಾಳೆ. ಈವತ್ತು ಊಟದ ಬಿಡುವಿನಲ್ಲಿ ಅವಳಿಗೆ ಫೋನು ಮಾಡಿದೆ. ಬಹಳ ದಿನವಾಗಿತ್ತು. ಮೊದಲ ರಿಂಗಿಗೇ ಎತ್ತಿದಳು.

‘ಏನಾಯ್ತಕ್ಕ?’

‘ಏನೂ ಆಗಿಲ್ಲ ಕಣೆ. ಅಲ್ಲಿ?’

‘ಇಲ್ಲೂ ಏನೂ ಆಗಿಲ್ಲ.’

ಅವಳ ಹೊಲಿಗೆ ಮಿಷನ್ನು ನಿಂತದ್ದು ಕೇಳಿಸಿತು.

‘ಅಕ್ಕ, ಇನ್ಮೇಲೆ ಸುಮ್‌ಸುಮ್ನೆ ಮಾಡ್ತಿರು’ ಎಂದಳು. ‘ಏನೂ ಇಲ್ದಿದ್ರೂ ಮಾಡು. ಆಗ ಫೋನಲ್ಲಿ ನಿನ್ನೆಸ್ರು ಕಂಡ್ರೆ ಭಯ ಆಗಕಿಲ್ಲ.’

ನಾಳೆಯೂ ಮಾಡುತ್ತೇನೆ. ಏನು ಮಾತಾಡುವುದೆಂದು ಇನ್ನೂ ಗೊತ್ತಿಲ್ಲ.