ತುಟಿಯ ಮೇಲಿನ ಗುಳ್ಳೆ

ಸುಗುಣಾ, ನಿನಗೆ ಆ ರೋಗ ಅಂಟಿಸಿದವನು ನಾನು. ಬೇರೆ ಯಾರೂ ಅಲ್ಲ. ನಡತೆಗೆಟ್ಟವಳೆಂದು ನಿನ್ನನ್ನು ಕಾರ್ಕಳದ ತವರಿಗೆ ಕಳಿಸಿದ ಗಂಡ — ನಾನೇ. ಇದು ನನಗೆ ಗೊತ್ತಾಗಿ ಬಹಳ ಕಾಲವಾಯಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಎಪ್ಪತ್ತರ ದಶಕದ ಕೊನೆ, ಕಾಪುವಿನ ನಮ್ಮ ಮನೆ, ನಮ್ಮ ಮದುವೆಯ ಹೊಸತು. ನನ್ನ ಕೆಳತುಟಿಯ ಮೂಲೆಯಲ್ಲಿ ನೀರುಗುಳ್ಳೆ ಎದ್ದಿತ್ತು. ಚಿಕ್ಕಂದಿನಿಂದಲೂ ಜ್ವರ ಬಂದಾಗ, ಬಿಸಿಲಿಗೆ ಅಲೆದಾಗ ಏಳುತ್ತಿದ್ದದ್ದೇ. "ನಿದ್ದೆಯಲ್ಲಿ ತುಟಿ ಮೇಲೆ ಜೇಡ ಹರಿದದ್ದು ಮಗ, ತನ್ನಷ್ಟಕ್ಕೇ ಹೋಗ್ತದೆ" ಎಂದು ಅಮ್ಮ ಕೆಮ್ಮಣ್ಣು ಕಲಸಿ ಹಚ್ಚಿದರು. ಬ್ಯಾಂಕಿನಲ್ಲಿ ಜೊತೆಯ ಗುಮಾಸ್ತರು ಅದನ್ನು ನೋಡಿ ಹೊಸ ಮದುಮಗನೆಂದು ಕೀಟಲೆ ಮಾಡಿದರು. ನನಗೂ ಒಳಗೊಳಗೇ ಖುಷಿ. ಆ ತುಟಿಯನ್ನು ನಿನ್ನ ಮೈಯಿಂದ ದೂರ ಇಡಬೇಕೆಂದು ನನಗೆ ತಿಳಿದಿರಲಿಲ್ಲ. ಆ ದಿನಗಳಲ್ಲಿ ನಮ್ಮ ಮುದ್ದಿಗೆ ಎಲ್ಲೆಯೂ ಇರಲಿಲ್ಲ...

ವಾರ ಕಳೆಯುವಷ್ಟರಲ್ಲಿ ನೀನು ಜ್ವರದಿಂದ ನರಳತೊಡಗಿದೆ. ಮೂತ್ರಕ್ಕೆ ಹೋದರೆ ಉರಿಗೆ ಅಳುತ್ತಿದ್ದೆ. ಗುಪ್ತಾಂಗದ ಸುತ್ತ ಗುಳ್ಳೆಗಳು. ಉಡುಪಿಯ ವೈದ್ಯರೊಬ್ಬರು ನಿನ್ನನ್ನು ಪರೀಕ್ಷಿಸಿ ನನ್ನನ್ನು ಹೊರಗೆ ಕರೆದರು. "ಇದು ಹರ್ಪಿಸ್. ಗಂಡು ಹೆಣ್ಣಿನ ಸಂಬಂಧದಿಂದ ಬರುವಂಥದ್ದು. ನಿಮಗೆ ಅಲ್ಲಿ ಎಂತಾದರೂ ಆಗಿತ್ತಾ?" ನನಗೆ ಅಲ್ಲಿ ಏನೂ ಆಗಿರಲಿಲ್ಲ. ಪರಸ್ತ್ರೀಯ ಸಹವಾಸವೂ ಇರಲಿಲ್ಲ. ಹಾಗಾದರೆ — ನಾನು ಅದಕ್ಕಿಂತ ಮುಂದೆ ಯೋಚಿಸಲೇ ಇಲ್ಲ.

ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು. "ದೈವದ ಎದುರು ಪ್ರಮಾಣ ಮಾಡಲಿ. ಸುಳ್ಳಾದರೆ ದೈವವೇ ತೋರಿಸಿಕೊಡ್ತದೆ" ಎಂದರು. ನಿನ್ನ ತಂದೆಯನ್ನೂ ಕರೆಸಿದರು. ನೀನು ನಮ್ಮ ಕುಟುಂಬದ ದೈವದ ಗುಡಿಯ ಮುಂದೆ ನಿಂತು, "ಇವರಲ್ಲದೆ ನನಗೆ ಬೇರೆ ಗಂಡಸು ಗೊತ್ತಿಲ್ಲ" ಎಂದೆ. ನಿನ್ನ ಸ್ವರ ನಡುಗಲಿಲ್ಲ. ಅಷ್ಟರಲ್ಲಿ ಗುಳ್ಳೆಗಳೂ ಮಾಯ್ದಿದ್ದವು, ನಾನು ನಂಬುವವನಿದ್ದೆ.

ಮುಂದಿನ ತಿಂಗಳು ಅವು ಮತ್ತೆ ಎದ್ದವು. ಅದೇ ಜಾಗದಲ್ಲಿ.

"ತೋರಿಸಿಕೊಟ್ಟಿತಲ್ಲ!" ಎಂದರು ಅಮ್ಮ. ನಾನೂ ಹಾಗೇ ನಂಬಿದೆ. ನೀನೂ ನಿನ್ನ ಮೈಯನ್ನೇ ದಿಗಿಲಿನಿಂದ ನೋಡಿಕೊಂಡೆ. "ನಾನು ಸುಳ್ಳು ಹೇಳಲಿಲ್ಲ ಮಾರಾಯ್ರೆ, ಮತ್ತೆ ಇದು ಎಂತಕ್ಕೆ ಬಂತು?" ಎಂದು ನನ್ನನ್ನೇ ಕೇಳಿದೆ. ನಾನು ಮುಖ ತಿರುಗಿಸಿದೆ. ನಾನು ಹೇಳಿಕಳಿಸಿದಂತೆ ಮರುದಿನ ನಿನ್ನ ತಂದೆ ಬಂದು ಕರೆದುಕೊಂಡು ಹೋದರು. ಅವರು ತಲೆ ಎತ್ತಲೇ ಇಲ್ಲ.

ಎಂಬತ್ತರ ದಶಕದ ನಡುವೆ ನನ್ನ ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ಮಣಿಪಾಲದಲ್ಲಿ ಒಬ್ಬ ವೈದ್ಯೆಗೆ ತೋರಿಸಿದೆ. "ನಿಮ್ಮ ತುಟಿಯಲ್ಲಿ ಏಳ್ತದಲ್ಲ, ಅದೇ ಹರ್ಪಿಸ್ ಕಣ್ಣಿಗೂ ಬಂದಿದೆ" ಎಂದರು.

ಆ ಹೆಸರು ಕೇಳಿ ಬೆಚ್ಚಿಬಿದ್ದೆ. "ಅದು... ಕೆಳಗೆ ಬರುವಂಥದ್ದಲ್ವಾ ಡಾಕ್ಟ್ರೆ?"

"ಅದರಲ್ಲಿ ಎರಡು ವಿಧ ಉಂಟು. ಒಂದು ಹೆಚ್ಚಾಗಿ ತುಟಿಗೆ, ಇನ್ನೊಂದು ಕೆಳಗೆ. ಆದರೆ ತುಟಿಯದ್ದು ಬಾಯಿಯಿಂದ ಕೆಳಗೂ ಅಂಟುತ್ತದೆ. ಒಮ್ಮೆ ಹೊಕ್ಕಿತೆಂದರೆ ನರದಲ್ಲಿ ಅಡಗಿ ಕೂತಿರ್ತದೆ, ಆಗಾಗ ಏಳ್ತದೆ."

ನನ್ನ ತುಟಿಯಲ್ಲಿ ಎದ್ದರೆ ಜೇಡ, ನಿನ್ನಲ್ಲಿ ಎದ್ದರೆ ಹಾದರ! ನನ್ನದು ಎಷ್ಟು ಸಲ ಮರಳಿ ಬಂದಿತ್ತು — ಯಾರೂ ನನ್ನನ್ನು ಯಾವ ಗುಡಿಯ ಮುಂದೆಯೂ ನಿಲ್ಲಿಸಿರಲಿಲ್ಲ.

ಹೊರಗೆ ಬಂದಾಗ ಕಾರ್ಕಳದ ಬಸ್ಸು ನಿಂತಿತ್ತು. ಹತ್ತಬೇಕಿತ್ತು. ಆದರೆ ಬಂದು ಹೇಳುವುದು ಏನನ್ನು? ನನ್ನ ಬಾಯಿ ನಿನ್ನ ಮೈಮೇಲೆ ಎಲ್ಲೆಲ್ಲಿ ಓಡಾಡಿತ್ತೆಂದು ನಿನ್ನ ತಂದೆಯ ಎದುರು, ನನ್ನ ಅಮ್ಮನ ಎದುರು... ನಾಚಿಕೆಯಾಯಿತು, ಸುಗುಣಾ. ನಿನ್ನ ಮಾನ ಬೀದಿಗೆ ಬಿದ್ದಾಗ ಆಗದ ನಾಚಿಕೆ ನನಗೆ ಅಂದು ಆಯಿತು. ಉಡುಪಿಯ ಬಸ್ಸು ಹಿಡಿದು ಮನೆಗೆ ಹೋದೆ.

ನೀನು ಬಡಿಸಿದರೆ ನಿನ್ನ ತಂದೆ ಉಣ್ಣುವುದಿಲ್ಲವೆಂದು ಬೆಳ್ಮಣ್ಣಿನ ನಿಮ್ಮ ಬಂಧುವೊಬ್ಬರು ಹೇಳಿದ್ದರು. ಮಗಳು ದೈವದ ಎದುರು ಸುಳ್ಳಾಡಿದಳೆಂದು ನಂಬಿಕೊಂಡೇ ಅವರು ತೀರಿಹೋದರು.

ನೀನು ಅಂದು ಹೇಳಿದ್ದು ಸತ್ಯ. ಇದನ್ನು ಇನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕ್ಷಮಿಸು ಎನ್ನುವ ಧೈರ್ಯವಿಲ್ಲ. ನಾನು ಮಣಿಪಾಲದಿಂದ ಮರಳಿದ ಮೇಲೂ ನಿನ್ನ ತಂದೆ ಹಲವು ವರ್ಷ ಬದುಕಿದ್ದರು.