ಮೂರು ಹಿಡಿ ಸ್ಯಾಂಪಲ್

ಸಾಲ ಸಿಗದೇ ಹೋಗಬಹುದಿತ್ತು. ಸಿಕ್ಕರೆ ಇನ್ನೂ ಕಷ್ಟ, ತೀರಿಸಬೇಕಿತ್ತು. ಎಂ.ಎಸ್ಸಿ. ಮುಗಿಯುವಷ್ಟರಲ್ಲಿ ಬಯೋಟೆಕ್ನಾಲಜಿ ಎಂಬ ಹೊಸ ಮಾತೇ ಹಳಸಿಬಿಡಬಹುದಿತ್ತು. ಕೆಲಸ ಸಿಗದೆ, ಸಿಕ್ಕ ಕೆಲಸಕ್ಕೆ ಸಂಬಳ ಸಿಗದೆ, ಬಡ್ಡಿ ಮಾತ್ರ ಗೊಬ್ಬರ ಹಾಕಿದಂತೆ ಬೆಳೆಯಬಹುದಿತ್ತು. ಮೆಣಸಿನ ಬಳ್ಳಿಗೆ ಸೊರಗು ರೋಗ ತಗಲಬಹುದಿತ್ತು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದಿರಬಹುದಿತ್ತು, ಇಲ್ಲವೇ ಬಂದದ್ದು ಅರಳಿದ ಹೂವಿನ ಮೇಲೇ ಮತ್ತೊಮ್ಮೆ ಸುರಿಯಬಹುದಿತ್ತು. ಬ್ಯಾಂಕಿನವರು ಜೀಪಿನಲ್ಲಿ ಬಂದು ನಮ್ಮ ಒಂದೂವರೆ ಎಕರೆ ಅಳೆಯುವಾಗ ಅಮ್ಮ ಅವರಿಗೂ ಕಾಫಿ ಮಾಡಿಕೊಡಬೇಕಾಗಬಹುದಿತ್ತು. ಗಂಡಿನ ಕಡೆಯವರು "ಕಂತು ಯಾರು ಕಟ್ಟೋದು?" ಎಂದು ಕೇಳಿ, ಉಪ್ಪಿಟ್ಟು ಮುಗಿಸಿಯೇ ಎದ್ದುಹೋಗಬಹುದಿತ್ತು.

ಬಿ.ಎಸ್ಸಿ. ಕೊನೆಯ ವರ್ಷ ಇವನ್ನೆಲ್ಲ ನಾನು ಪ್ರಾಕ್ಟಿಕಲ್ ರೆಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಮುಂದಿನ ಪುಟದಲ್ಲಿ ಈರುಳ್ಳಿ ಬೇರಿನ ಚಿತ್ರ. ಕಾಲೇಜಿನ ಹಳೇ ಸೂಕ್ಷ್ಮದರ್ಶಕದಲ್ಲಿ ಆ ಬೇರನ್ನು ನೋಡುವಾಗ ಮೊದಲು ಮಂಜು ಮಾತ್ರ ಕಾಣುತ್ತಿತ್ತು. ತಿರುಪು ತಿರುಗಿಸುತ್ತ ಹೋದಂತೆ, ನಮ್ಮೂರಿನ ಬೆಳಗಿನಲ್ಲಿ ಗಿಡಗಳು ಒಂದೊಂದಾಗಿ ಹೊರಬರುವ ಹಾಗೆ, ಜೀವಕೋಶಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತಿದ್ದವು. ಮುಂದೆ ಓದಬೇಕೆಂಬ ಆಸೆ ಹುಟ್ಟಿದ್ದು ಆ ಒಂದು ಕ್ಷಣಕ್ಕಾಗಿ. ಆದರೆ ಬ್ಯಾಂಕಿನ ಅರ್ಜಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅಪ್ಪ ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ ಬರೆದುಕೊಳ್ಳುವ ಕೆಲಸ. ಕಾಫಿ ರೇಟು ನೆಲಕಚ್ಚಿದ್ದ ವರ್ಷಗಳವು. ಸಾಲಕ್ಕೆ ಅಡವಿಡಲು ನಮ್ಮಲ್ಲಿದ್ದದ್ದು ಆ ಒಂದೂವರೆ ಎಕರೆಯ ಪತ್ರ ಒಂದೇ. ಅದು ಹೋದರೆ ಅಪ್ಪನಿಗೆ ಉಳಿಯುವುದು ಬೇರೆಯವರ ತೋಟದ ಲೆಕ್ಕ ಮಾತ್ರ.

ಅಪ್ಪ ಬೇಡವೆನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. "ಮೊದಲು ಔಟ್‌ಟರ್ನ್ ನೋಡೋಣ ಮಾರಾಯ್ತಿ" ಎಂದರು.

ಒಣಗಿದ ಕಾಫಿ ಕೊಳ್ಳುವವರು ಹೊರಗಿನ ಸಿಪ್ಪೆ ನೋಡಿ ರೇಟು ಹೇಳುವುದಿಲ್ಲ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಉಳಿದ ಬೀಜ ತೂಗುತ್ತಾರೆ. ಅದೇ ಔಟ್‌ಟರ್ನ್. ಜೀವಶಾಸ್ತ್ರ ಓದಿದವರನ್ನೂ ಹಾಗೇ ಮೂರು ಹಿಡಿ ತೆಗೆಯಬೇಕೆಂದು ಅಪ್ಪನ ತೀರ್ಮಾನ.

ಮೇಲಿನ ಹಿಡಿ, ಚಿಕ್ಕಮಗಳೂರಿನ ನನ್ನ ಲೆಕ್ಚರರ್. ಅವರಿನ್ನೂ ಟೆಂಪರರಿ. ಸಂಬಳ ಕೇಳಿದ ಅಪ್ಪ ಮುಜುಗರದಿಂದ ತಮ್ಮದನ್ನು ಹೇಳಲಿಲ್ಲ. ಅಪ್ಪನದೇ ಸ್ವಲ್ಪ ಜಾಸ್ತಿಯಿತ್ತು.

ನಡುವಿನ ಹಿಡಿ ಬಸ್ಸಿನಲ್ಲಿ ಸಿಕ್ಕಿತು: ಜೀವಶಾಸ್ತ್ರವನ್ನೇ ಓದಿ, ಈಗ ಔಷಧಿ ಕಂಪನಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಯುವಕ. "ಸಂಬಳ ಪರವಾಗಿಲ್ಲ ಸರ್. ಆದ್ರೆ ಓದಿದ್ದು ಒಂದಕ್ಷರ ಬೇಕಾಗಿಲ್ಲ. ಟೈ ಕಟ್ಟೋಕೆ ಬಂದ್ರೆ ಸಾಕು" ಎಂದ.

ತಳದ ಹಿಡಿ ಮೂಡಿಗೆರೆಯ ಜೆರಾಕ್ಸ್ ಅಂಗಡಿಯಲ್ಲಿತ್ತು. ನಮ್ಮ ಜಮೀನಿನ ಪತ್ರವನ್ನೇ ಯಂತ್ರದ ಗಾಜಿನ ಮೇಲಿಡುತ್ತಿದ್ದ ಹೆಂಗಸು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ.!

"ಲೋನ್ ಮಾಡಿ ಓದಿದ್ರಾ?" ಅಪ್ಪ ಕೇಳಿದರು.

"ಇಲ್ಲಣ್ಣ, ನಮ್ಮಪ್ಪನೇ ಕೊಟ್ಟಿದ್ದು. ಅದಕ್ಕೇ ನೋಡಿ, ಇಷ್ಟು ಧೈರ್ಯವಾಗಿ ಇಲ್ಲಿ ಕೂತಿದ್ದೀನಿ." ಹಸಿರು ಬೆಳಕು ಅವರ ಗಲ್ಲದ ಮೇಲೆ ಅತ್ತಿಂದಿತ್ತ ಹರಿಯಿತು.

ಮರುದಿನ ಮಧ್ಯಾಹ್ನ ಎಸ್ಟೇಟಿನ ಕಣದಲ್ಲಿ ಅಪ್ಪನ ಹಿಂದೆ ಹಿಂದೆ ನಡೆಯುತ್ತ ಬೇಡಿಕೊಂಡೆ. "ಬೇಡ ಬಿಡಿ ಅಪ್ಪಾ, ಬಿ.ಎಡ್. ಮಾಡ್ತೀನಿ." ಒಣಗುತ್ತಿದ್ದ ಹಣ್ಣಿನ ಹುಳಿಸಿಹಿ ವಾಸನೆ ಬಿಸಿಲಲ್ಲಿ ನಿಧಾನಕ್ಕೆ ಏಳುತ್ತಿತ್ತು. ಆ ವಾಸನೆಯಲ್ಲಿ ಯಾರಿಗಾದರೂ ಸ್ವಲ್ಪ ತೂಕಡಿಕೆ ಬರುತ್ತದೆ. ಮಾತುಗಳೂ ದೂರದಿಂದ ಬಂದಂತೆ ಕೇಳುತ್ತವೆ.

"ಔಟ್‌ಟರ್ನ್ ಕಮ್ಮಿಯೇ" ಎಂದರು ಅಪ್ಪ. ಬಗ್ಗಿ ಒಂದು ಹಣ್ಣು ತೆಗೆದು ತೋರಿಸಿದರು. ಅದರ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. "ಬೋರರ್ ಹುಳ. ರೇಟಿಲ್ಲ ಅಂತ ಹಣ್ಣು ಕೊಯ್ಯದೆ ಗಿಡದಲ್ಲೇ ಬಿಟ್ರೆ ಇದು ಒಳಗೆ ಹೋಗಿ ಕೂರುತ್ತೆ, ಮುಂದಿನ ವರ್ಷದ್ದನ್ನೂ ತಿನ್ನುತ್ತೆ. ರೇಟು ಇರ್ಲಿ ಬಿಡ್ಲಿ, ಹಣ್ಣಾದ್ಮೇಲೆ ಕೊಯ್ಲೇಬೇಕು. ನಾಳೆ ಬ್ಯಾಂಕಲ್ಲಿ ಸೈನ್ ಹಾಕ್ತೀನಿ."

ಹಾಕಿದರು. ನಾನು ಓದಿದೆ. ಹಾಸನದ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಗಾಜಿನ ಬಾಟಲಿಗಳಲ್ಲಿ ಬಾಳೆಯ ಸಸಿ ಬೆಳೆಸುವುದು. ಬಿಳಿ ದೀಪದ ಕೆಳಗೆ ಸಾವಿರಾರು ಬಾಟಲಿ, ಪ್ರತಿಯೊಂದರೊಳಗೂ ಬೆರಳುದ್ದದ ತೋಟ, ಗಾಜಿಗೆ ಒಳಗಿನಿಂದಲೇ ಹಿಡಿದ ಇಬ್ಬನಿ. ಸಂಬಳ ಬಂದ ದಿನವೇ ಕಂತು ಕಟ್ಟುತ್ತಿದ್ದೆ, ಉಳಿದ ಇಪ್ಪತ್ತೊಂಬತ್ತು ದಿನ ಮುಂದಿನ ಕಂತಿಗೆ ಹೆದರುತ್ತಿದ್ದೆ. ಹೂಮಳೆ ಹೊತ್ತಿಗೆ ಬಂತು. ಬಳ್ಳಿ ಸೊರಗಲಿಲ್ಲ. ಜೀಪು ಬರಲಿಲ್ಲ. ನೋಡಲು ಬಂದ ಗಂಡು ಕಂತಿನ ವಿಚಾರವೇ ಎತ್ತಲಿಲ್ಲ. ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು, ಒಪ್ಪಿಕೊಂಡು ಹೋದರು. ಈಗ ನಲವತ್ತು ದಾಟಿದ ಮೇಲೆ ನನ್ನ ಆ ಪಟ್ಟಿಯನ್ನು ನೆನೆದರೆ ಅಷ್ಟೊಂದು ಶ್ರಮ ದಂಡವಾಯಿತಲ್ಲ ಎನಿಸುತ್ತದೆ.

ಏಳನೇ ವರ್ಷ ಸಾಲ ತೀರಿತು. ನಾನೂ ಅಪ್ಪನೂ ಬ್ಯಾಂಕಿಗೆ ಹೋಗಿ ಪತ್ರ ಬಿಡಿಸಿಕೊಂಡೆವು. ಅಪ್ಪ ಮೆಟ್ಟಿಲ ಮೇಲೆಯೇ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಅಕ್ಷರಕ್ಕೇನೂ ಆಗಿರಲಿಲ್ಲ. ತೂತಿನ ಮೂಲಕ ಎದುರಿನ ಬಸ್‌ಸ್ಟ್ಯಾಂಡ್ ಕಾಣುತ್ತಿತ್ತು.

"ಬೋರರ್ ಕೊರೆದ ಹಾಗಿದೆ. ಆದ್ರೆ ಕಾಗದದಲ್ಲಿ ಎಲ್ಲಿಂದ ಬರ್ಬೇಕು? ಇದು ಯಾವ ಹುಳ ಹೇಳು ನೋಡೋಣ."

ತುಂಬಾ ಹೊತ್ತು ನೋಡಿದೆ. ಗೊತ್ತಾಗಲಿಲ್ಲ. ಅಷ್ಟುದ್ದದ ನನ್ನ ಪಟ್ಟಿಯಲ್ಲೂ ಈ ಹುಳ ಇರಲಿಲ್ಲ.